ಬಯಲಾಟದಿಂದ ಕುರುಕ್ಷೇತ್ರಕ್ಕೆ: ತುಮಕೂರಿನ ಉತ್ತರ ಸೀಮೆಯಲ್ಲಿ ಕಲಾವಿದರು ಒಡ್ಡಿದ ಪಣ

ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಬೇಸಿಗೆ ಕಾಲಿಡುವ ಹೊತ್ತಿಗೆ ನಾಟಕದ ಕಾಲ ಆರಂಭವಾಗುತ್ತದೆ. ಜಾತ್ರೆ, ರಥೋತ್ಸವ, ಊರಹಬ್ಬಗಳ ನೆಪದಲ್ಲಿ ನಡೆಯುವ ಈ ಪ್ರದರ್ಶನಗಳಲ್ಲಿ ಬಹುಪಾಲು 'ಕುರುಕ್ಷೇತ್ರ'ವೇ ಆಗಿರುತ್ತದೆ. ಹಗಲು ಹೊಲದಲ್ಲಿ ದುಡಿಯುವವನು ರಾತ್ರಿ ದುರ್ಯೋಧನನಾಗುತ್ತಾನೆ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನು ಶ್ರೀಕೃಷ್ಣನಾಗುತ್ತಾನೆ. ಬೆಳಗಿನ ಜಾವದವರೆಗೆ ಕಂದಪದ್ಯಗಳು, ಮಟ್ಟಿನ ಹಾಡುಗಳು ಧ್ವನಿವರ್ಧಕದ ಮೂಲಕ ಸುತ್ತಲ ಹಳ್ಳಿಗಳಿಗೆಲ್ಲ ಕೇಳಿಸುತ್ತವೆ.

ಇಷ್ಟು ವ್ಯಾಪಕವಾದ ಈ ರಂಗಪ್ರಕಾರಕ್ಕೆ ಕರ್ನಾಟಕದ ಜಾನಪದ ಅಧ್ಯಯನದಲ್ಲಿ ದೊರೆತಿರುವ ಸ್ಥಾನ ಮಾತ್ರ ಅಲ್ಪವಾದುದು. ಈ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಗಣೆಯ ನುಡಿಸಾಣಿಕೆ, ಮೂಡಲಪಾಯ ಯಕ್ಷಗಾನ, ತೊಗಲುಗೊಂಬೆಯಾಟ ಇವೆಲ್ಲ ವಿದ್ವಾಂಸರ ಗಮನವನ್ನು ಸೆಳೆದಿವೆ. ಹಳ್ಳಿಯ ಪೌರಾಣಿಕ ನಾಟಕವನ್ನಾದರೋ ಜನಪದ ವಿದ್ವಾಂಸರು 'ಕಂಪನಿ ನಾಟಕದ ನಕಲು' ಎಂದು ಬದಿಗಿಟ್ಟರು. ರಂಗಭೂಮಿಯ ಇತಿಹಾಸಕಾರರು 'ಹವ್ಯಾಸಿಗಳ ಹಳ್ಳಿಯಾಟ'ವೆಂದು ಕೈಬಿಟ್ಟರು. ಎರಡೂ ಶಿಸ್ತುಗಳ ನಡುವೆ ಬಿದ್ದುಹೋದ ಈ ಪ್ರಕಾರದಲ್ಲಿ ಚಿಕ್ಕ ಸಮುದಾಯವೊಂದರ ಕಲಾವಿದನು ಹೊಸದೊಂದಕ್ಕೆ ಕೈಹಾಕುವಾಗ ಏನನ್ನು ಪಣಕ್ಕೊಡ್ಡುತ್ತಾನೆ, ಸೋತರೆ ಯಾರ ಮುಂದೆ ಸೋಲುತ್ತಾನೆ ಎಂಬ ಪ್ರಶ್ನೆಗಳಿಗೆ ಸಾಕಷ್ಟು ಸಾಮಗ್ರಿ ಅಡಗಿದೆ. ನಗರದ ಕಲಾವಿದನಿಗೆ ಪ್ರೇಕ್ಷಕರು ಬಹುತೇಕ ಅಪರಿಚಿತರು. ಹಳ್ಳಿಯ ಕಲಾವಿದನಿಗೆ ಅವರೇ ದಾಯಾದಿಗಳು, ಸಾಲ ಕೊಟ್ಟವರು, ಬೀಗರು, ನಾಳೆ ಬೆಳಗ್ಗೆ ಬಾವಿಕಟ್ಟೆಯಲ್ಲಿ ಎದುರಾಗುವವರು. ಈ ಒಂದು ವ್ಯತ್ಯಾಸದಿಂದಲೇ ಅವನ ಸಾಹಸದ ಸ್ವರೂಪ ಬೇರೆಯಾಗುತ್ತದೆ.

ನಾಟಕ ಬರುವುದಕ್ಕೆ ಮುಂಚೆ ಈ ಭಾಗದಲ್ಲಿದ್ದುದು ಮೂಡಲಪಾಯದ ಬಯಲಾಟ. ಭಾಗವತನು ಊರಿನ ಆಸಕ್ತರನ್ನು ಕೂಡಿಸಿಕೊಂಡು ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಕುಣಿತ, ಪದ, ಮಾತುಗಳನ್ನು ಕಲಿಸುತ್ತಿದ್ದನು. ಮದ್ದಳೆ, ತಾಳ, ಮುಖವೀಣೆಗಳ ಹಿಮ್ಮೇಳ. ಕಿರೀಟ, ಭುಜಕೀರ್ತಿ, ಎದೆಹಲಿಗೆಗಳ ಭಾರವಾದ ವೇಷ. ಕರಿಭಂಟನ ಕಾಳಗ, ಪ್ರಹ್ಲಾದ ಚರಿತ್ರೆ, ಕೃಷ್ಣಾರ್ಜುನರ ಕಾಳಗದಂತಹ ಪ್ರಸಂಗಗಳು. ಸ್ತ್ರೀಪಾತ್ರಗಳನ್ನು ಗಂಡಸರೇ ನಿರ್ವಹಿಸುತ್ತಿದ್ದರು. ಇಲ್ಲಿ ಕಲಾವಿದನಿಗೆ ಹೊಸತನ್ನು ಮಾಡಲು ಅವಕಾಶವೇ ಇರಲಿಲ್ಲವೆಂಬ ಸಾಮಾನ್ಯ ನಂಬಿಕೆ ಸರಿಯಲ್ಲ. ಪದ್ಯ ಭಾಗವತನ ಹಿಡಿತದಲ್ಲಿದ್ದರೂ ಮಾತು ಪಾತ್ರಧಾರಿಯದಾಗಿತ್ತು. ಅದರಲ್ಲಿಯೂ ಸಾರಥಿಯ ಪಾತ್ರಕ್ಕೆ ಯಾವ ಕಟ್ಟೂ ಇರಲಿಲ್ಲ. ದೇವತೆಗಳನ್ನೂ ರಾಜರನ್ನೂ 'ನೀವು ಯಾರು, ಎಲ್ಲಿಂದ ಬಂದಿರಿ' ಎಂದು ವಿಚಾರಿಸುವ ನೆಪದಲ್ಲಿ ಅವನು ಊರ ಗೌಡನನ್ನೂ ಶಾನುಭೋಗನನ್ನೂ ಕೆಣಕಬಹುದಾಗಿತ್ತು. ಕಥೆ ಪುರಾಣದ್ದು, ನಗೆ ಊರಿನದು ಎಂಬ ಈ ಒಪ್ಪಂದವು ಮುಂದಿನ ಎಲ್ಲ ಬದಲಾವಣೆಗಳಿಗೂ ಬುನಾದಿಯಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಹೊಸ ಬಗೆಯ ರಂಗಭೂಮಿ ಕಣ್ಣುಬಿಟ್ಟಿತು. ಪಾರಸಿ ಮತ್ತು ಮರಾಠಿ ಮಂಡಳಿಗಳ ಪ್ರದರ್ಶನಗಳ ಪ್ರಭಾವದಿಂದ ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಹುಟ್ಟಿತು. ಬಸವಪ್ಪಶಾಸ್ತ್ರಿಗಳಂತಹ ಆಸ್ಥಾನ ಕವಿಗಳು ಅದಕ್ಕೆ ನಾಟಕ ರಚಿಸಿದರು. ಆದರೆ ತುಮಕೂರು ಸೀಮೆಯ ಮಟ್ಟಿಗೆ ಮಹತ್ವದ ಘಟನೆ ನಡೆದದ್ದು ಅರಮನೆಯಲ್ಲಲ್ಲ, ಅಡಕೆ ವ್ಯಾಪಾರಕ್ಕೂ ವಾರದ ಸಂತೆಗೂ ಹೆಸರಾಗಿದ್ದ ಗುಬ್ಬಿಯೆಂಬ ಸಣ್ಣ ಪೇಟೆಯಲ್ಲಿ. 1884ರಲ್ಲಿ ಚಂದಣ್ಣನವರೇ ಮೊದಲಾದ ಸ್ಥಳೀಯರು ಸೇರಿ ಕಟ್ಟಿದ ಮಂಡಳಿಗೆ 'ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ'ವೆಂದು ಹೆಸರಾಯಿತು. ಅರಸರ ಪೋಷಣೆಯಿಲ್ಲದ ಈ ಸಂಘವು ಊರದೇವರ ಕೃಪೆಯಿಂದ ಪೋಷಿತವಾದುದೆಂದು ತನ್ನನ್ನು ಕರೆದುಕೊಂಡಿತು. ಇದನ್ನು ಭಕ್ತಿಯ ಮಾತೆಂದಷ್ಟೇ ಓದಬೇಕಾಗಿಲ್ಲ. ವೇಷ ಕಟ್ಟಿ ಕುಣಿಯುವುದನ್ನು ಮನೆತನಸ್ಥರು ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ದೇವರ ಹೆಸರು ಮಂಡಳಿಗೆ ದೊರೆತ ರಕ್ಷೆಯೂ ಆಗಿತ್ತು.

ಗುಬ್ಬಿ ವೀರಣ್ಣನವರು (1891-1972) ಬಾಲ್ಯದಲ್ಲಿಯೇ ಈ ಮಂಡಳಿಯನ್ನು ಸೇರಿ 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಅವರ ಸಾಧನೆಗಳನ್ನು ಹೊಗಳಿಕೆಯ ಧಾಟಿಯಲ್ಲಿ ಹೇಳುವ ಬರಹಗಳು ಹೇರಳವಾಗಿವೆ. ಇಲ್ಲಿ ಗಮನಿಸಬೇಕಾದುದು, ಯಾವುದರಲ್ಲಿ ಅವರು ಅಪಾಯವನ್ನು ಮೈಮೇಲೆ ಎಳೆದುಕೊಂಡರು, ಯಾವುದನ್ನು ಮುಟ್ಟದೆ ಬಿಟ್ಟರು ಎಂಬುದನ್ನು. ಕಂಪನಿಯ ಒಡೆಯನಾದವನು ನಾಯಕನ ಪಾತ್ರವನ್ನು ತನಗೆ ಇಟ್ಟುಕೊಳ್ಳುವುದು ವಾಡಿಕೆ. ವೀರಣ್ಣನವರು ಹೆಸರು ಗಳಿಸಿದ್ದು ಹಾಸ್ಯನಟರಾಗಿ. 'ಸದಾರಮೆ'ಯ ಕಳ್ಳನ ಪಾತ್ರ ಅವರ ಹೆಸರಿನೊಂದಿಗೆ ಬೆಸೆದುಕೊಂಡುಬಿಟ್ಟಿತು. ಬಯಲಾಟದ ಸಾರಥಿಗಿದ್ದ ಸ್ವಾತಂತ್ರ್ಯವೇ ಇಲ್ಲಿ ಕಳ್ಳನ ವೇಷದಲ್ಲಿ ಮರಳಿ ಬಂದಂತಿದೆ. ತುಮಕೂರಿನ ಬಳಿಯ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟರು. ಕಥೆಗಳು ಬಹುತೇಕ ಜನರಿಗೆ ಮೊದಲೇ ಗೊತ್ತಿದ್ದವು. ಕಥೆಯಲ್ಲಿ ಸಾಹಸವಿಲ್ಲ, ಕಾಣ್ಕೆಯಲ್ಲಿ ಸಾಹಸ ಎಂಬುದು ಗುಬ್ಬಿ ಕಂಪನಿಯ ರೀತಿಯಾಗಿತ್ತು.

ಈ ಕಾಣ್ಕೆಯ ಸಾಹಸ ತುದಿ ಮುಟ್ಟಿದ್ದು 1934ರ 'ಕುರುಕ್ಷೇತ್ರ'ದಲ್ಲಿ. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ಈ ನಾಟಕದಲ್ಲಿ ಜೀವಂತ ಆನೆ ಕುದುರೆಗಳು ರಂಗವನ್ನೇರಿದವು. ಆನೆಯನ್ನು ರಂಗಕ್ಕೆ ತಂದದ್ದು ಕಲೆಯೇ ಗಿಮಿಕ್ಕೇ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಆ ಚರ್ಚೆಯಲ್ಲಿ ಒಂದು ಅಂಶ ಮರೆತುಹೋಗಿರುತ್ತದೆ. ಬಯಲಾಟದ ಪ್ರೇಕ್ಷಕನು ಕಾಣದ ಆನೆಯನ್ನು ಕುಣಿತದಲ್ಲಿ ಕಂಡುಕೊಳ್ಳಬಲ್ಲವನಾಗಿದ್ದನು. ಅವನಿಗೆ ನಿಜವಾದ ಆನೆಯನ್ನು ತೋರಿಸುವುದೆಂದರೆ ಅವನ ಆ ಶಕ್ತಿಯನ್ನು ಬಿಡಿಸಿ ಇನ್ನೊಂದು ಬಗೆಯ ನೋಟಕ್ಕೆ ಒಗ್ಗಿಸುವುದು. ಒಮ್ಮೆ ಒಗ್ಗಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಸುಲಭವಲ್ಲ. ಈ ಸೀಮೆಯಲ್ಲಿ ಮೂಡಲಪಾಯ ಕ್ಷೀಣಿಸಿದ್ದಕ್ಕೆ ಕಾರಣಗಳು ಹಲವು. ಸೀನರಿಯ ರುಚಿ ಹತ್ತಿದ ಕಣ್ಣು ಅವುಗಳಲ್ಲೊಂದು ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಹೊಸತನ್ನು ಕಟ್ಟಿದವನು ಹಳೆಯದಕ್ಕೆ ತೆರಿಸಿದ ಬೆಲೆಯೂ ಇತಿಹಾಸದ ಭಾಗವೇ.

ಸಿನಿಮಾದ ವಿಷಯದಲ್ಲಿ ಅವರ ಲೆಕ್ಕಾಚಾರ ಯಾವಾಗಲೂ ಕೈಹಿಡಿಯಲಿಲ್ಲ. ಮೂಕಿ ಚಿತ್ರಗಳ ಕಾಲದ ಕೊನೆಯಲ್ಲಿ ಅವರು 'ಹಿಸ್ ಲವ್ ಅಫೇರ್', 'ಹರಿಮಾಯ' ಮೊದಲಾದವನ್ನು ನಿರ್ಮಿಸುವ ಹೊತ್ತಿಗೆ ಮಾತಿನ ಚಿತ್ರಗಳು ಬಾಗಿಲಲ್ಲಿ ನಿಂತಿದ್ದವು. ಮುಂದೆ 'ಸದಾರಮೆ' (1935), 'ಸುಭದ್ರಾ' (1941), 'ಜೀವನ ನಾಟಕ' (1942) ಬಂದವು. 1954ರ 'ಬೇಡರ ಕಣ್ಣಪ್ಪ'ದ ಮೂಲಕ ಗಾಜನೂರಿನ ಮುತ್ತುರಾಜು ರಾಜಕುಮಾರ್ ಆದರು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಹಳ್ಳಿಯಿಂದ ಬಂದು ಗುಬ್ಬಿ ಕಂಪನಿಯಲ್ಲಿ ಹೆಸರುಮಾಡಿದ ನಟರು. ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್, ಮನೆ ಬಿಟ್ಟು ಓಡಿಬಂದ ಬಾಲಕ ಬಿ.ವಿ. ಕಾರಂತ ಇವರೆಲ್ಲ ಇದೇ ಕಂಪನಿಯ ಅನ್ನ ಉಂಡವರು. ಕಾರಂತರನ್ನು ಓದಿಗಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ಹಳ್ಳಿಯಲ್ಲಿ ನಟನಾಗುವವನಿಗೆ ಊರು ಬಿಡುವುದೊಂದೇ ದಾರಿಯಾಗಿದ್ದಾಗ, ಊರು ಬಿಟ್ಟವನಿಗೆ ಕಂಪನಿಯೇ ಊರಾಯಿತು.

ವೀರಣ್ಣನವರ ಸಾಹಸಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನು ತಂದದ್ದು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮುಂತಾದವರು ಗುಬ್ಬಿ ರಂಗದ ಮೇಲೆ ಕಾಣಿಸಿಕೊಂಡು ಹಳೆಯ ಮೈಸೂರಿನ ಪ್ರೇಕ್ಷಕರ ಕಣ್ಣಿಗೆ ಹೊಸದೊಂದು ಲೋಕವನ್ನು ತೆರೆದರು. ಈ ಬದಲಾವಣೆ ಇಲ್ಲಿ ಮಾತ್ರ ನಡೆದುದಲ್ಲ. ಉತ್ತರ ಕರ್ನಾಟಕದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿಯಂತಹ ಮಹಿಳೆಯರು ತಾವೇ ಮಂಡಳಿ ನಡೆಸಿದರು. ಪಾವಗಡದ ಪೂರ್ವಕ್ಕೆ, ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ, 1885ರಲ್ಲಿ ವನಾರಸ ಗೋವಿಂದರಾವ್ ಕಟ್ಟಿದ ತೆಲುಗು ಮಂಡಳಿಯಲ್ಲಿ ಇಡೀ ಕುಟುಂಬವೇ ನಟವರ್ಗವಾದುದರಿಂದ ಹೆಣ್ಣುಮಕ್ಕಳು ಸಹಜವಾಗಿಯೇ ರಂಗಕ್ಕೆ ಬಂದರು. ಬಳ್ಳಾರಿಯ ವಕೀಲ ರಾಘವ (1880-1946) ಅವರು ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ವಾದಿಸಿದರು. ಆದರೆ ವಿದ್ಯಾವಂತ ವಕೀಲನೊಬ್ಬನ ವಾದಕ್ಕೂ, ಸಣ್ಣ ಊರಿನ ಹೆಣ್ಣುಮಗಳೊಬ್ಬಳು ದೀಪದ ಬೆಳಕಿಗೆ ಬಂದು ನಿಲ್ಲುವುದಕ್ಕೂ ಇರುವ ಅಂತರ ದೊಡ್ಡದು. ಇತಿಹಾಸ ಬರೆದವರು 'ಸ್ತ್ರೀಯರನ್ನು ರಂಗಕ್ಕೆ ತಂದ' ಒಡೆಯನ ಧೈರ್ಯವನ್ನು ಎಣಿಸಿದಷ್ಟು ಬಂದ ಸ್ತ್ರೀಯರ ಧೈರ್ಯವನ್ನು ಎಣಿಸಿಲ್ಲ. ಒಡೆಯನಿಗೆ ನಷ್ಟವಾದರೆ ಹಣ ಹೋಗುತ್ತಿತ್ತು. ಮತ್ತೊಂದು ನಾಟಕದಲ್ಲಿ ಅದು ಮರಳಿ ಬರಬಹುದಾಗಿತ್ತು. ನಟಿಗೆ ಹೋಗುತ್ತಿದ್ದುದು ಮರಳಿ ಬರುವಂಥದಾಗಿರಲಿಲ್ಲ.

ಈಗ ಮತ್ತೆ ಹಳ್ಳಿಗೆ ಬರಬಹುದು. ಕಂಪನಿಗಳ ನಾಟಕಗಳನ್ನು ಜಾತ್ರೆಗಳಲ್ಲಿ, ಪೇಟೆಗಳ ಡೇರೆಗಳಲ್ಲಿ ನೋಡಿದ ಹಳ್ಳಿಗರು ಅವನ್ನು ತಮ್ಮ ಊರಿಗೆ ತಂದುಕೊಂಡರು. ಭಾಗವತನ ಜಾಗಕ್ಕೆ ಹಾರ್ಮೋನಿಯಂ ಮೇಷ್ಟ್ರು ಬಂದರು. ಬಯಲಾಟದ ಭಾಗವತನಂತೆಯೇ ಇವರೂ ಊರಿನಲ್ಲಿ ಉಳಿದು, ರಾತ್ರಿ ಊಟದ ನಂತರ ಕಲಿಸುತ್ತಾರೆ. ಓದು ಬಾರದವನಿಗೆ ಬಾಯಿಪಾಠ ಮಾಡಿಸುತ್ತಾರೆ. ಕಲಿಕೆಯ ಕ್ರಮ ಹಳೆಯದು, ಕಲಿತದ್ದು ಹೊಸದು. ಸೀನರಿ, ವೇಷಭೂಷಣ, ದೀಪ, ಧ್ವನಿವರ್ಧಕಗಳು ಬಾಡಿಗೆಗೆ ದೊರೆಯುವ ವ್ಯವಸ್ಥೆ ತುಮಕೂರಿನಂತಹ ಪಟ್ಟಣಗಳಲ್ಲಿ ಬೆಳೆಯಿತು. 1934ರಲ್ಲಿ ಭಾರಿ ಬಂಡವಾಳ ಬೇಡಿದ 'ಕುರುಕ್ಷೇತ್ರ'ವೆಂಬ ವಸ್ತು ಹೀಗೆ ಆನೆ ಕುದುರೆಗಳನ್ನು ಕಳಚಿಕೊಂಡು, ಪದ್ಯ ಮತ್ತು ಮಾತುಗಳ ಬಲದ ಮೇಲೆ, ಬಡ ಹಳ್ಳಿಯ ಗುಡಿಯ ಮುಂದಿನ ಬಯಲಿಗೆ ಬಂದು ನಿಂತಿತು.

ಪಾತ್ರಗಳ ಹಂಚಿಕೆಯಲ್ಲಿ ನಡೆದ ಪಲ್ಲಟ ವಿಶೇಷವಾದುದು. ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಯೇ ಹಣ ಕೊಡುವ ಪದ್ಧತಿ ಬೆಳೆಯಿತು. ಕೃಷ್ಣ, ದುರ್ಯೋಧನ, ಭೀಮ, ಅರ್ಜುನ ಪಾತ್ರಗಳಿಗೆ ಹೆಚ್ಚು. ವಿದುರ, ಸಂಜಯ, ದ್ವಾರಪಾಲಕರಿಗೆ ಕಡಿಮೆ. ಕಲಾವಿದನು ಕಲೆಗಾಗಿ ಸಂಭಾವನೆ ಪಡೆಯುವ ಬದಲು ತಾನೇ ತೆರುವ ಈ ರೂಢಿಯನ್ನು ಕಂಡು ಪೇಟೆಯವರು ನಕ್ಕಿದ್ದುಂಟು. ಆದರೆ ಇದರಿಂದ ಒಂದು ಹಳೆಯ ಗಂಟು ಸಡಿಲವಾಯಿತು. ಹಣ ಹೊಂದಿಸಿದವನು, ಕಂಠವಿದ್ದವನು ಯಾವ ಮನೆಯವನಾದರೂ ರಾಜನಾಗಬಹುದಾಯಿತು. ಊರೊಳಗಿನ ರಂಗದಲ್ಲಿ ಎಡೆ ದೊರೆಯದ ಕೇರಿಯವರು ತಮ್ಮದೇ ನಾಟಕ ಕಟ್ಟಿ ಆಡುವುದಕ್ಕೂ ಇದೇ ಪದ್ಧತಿ ಅನುಕೂಲವಾಯಿತು. ಕೇರಿಯ ಯುವಕನೊಬ್ಬ ಸಿಂಹಾಸನದ ಮೇಲೆ ಕುಳಿತು ಊರಿನ ಎದುರು ಕಂದ ಹಾಡುವುದು ನಾಟಕದ ಕಥೆಗೆ ಹೊರಗಿನ, ಆದರೆ ಅಂದಿನ ರಾತ್ರಿಗೆ ಒಳಗಿನ ಘಟನೆ.

ಪಾವಗಡ ತಾಲ್ಲೂಕಿನ ಸಂದರ್ಭದಲ್ಲಿ ಈ ಪಣ ಇನ್ನಷ್ಟು ತೀವ್ರವಾಗಿದೆ. ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ ಈ ತಾಲ್ಲೂಕು ಮಳೆಯ ಕೊರತೆಗೆ ಹೆಸರಾದದ್ದು. ಮಳೆಯನ್ನೇ ನಂಬಿದ ಶೇಂಗಾ ಬೆಳೆ ಕೈಕೊಟ್ಟ ವರ್ಷಗಳೇ ಹೆಚ್ಚು. ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸಾವಿರಾರು ಎಕರೆ ಹೊಲಗಳು ಸೌರವಿದ್ಯುತ್ ಘಟಕಕ್ಕೆ ಗುತ್ತಿಗೆಗೆ ಹೋದದ್ದಕ್ಕೂ (ಘಟಕದ ಉದ್ಘಾಟನೆ 2018) ಈ ಬರವೇ ಹಿನ್ನೆಲೆ. ಇಂತಹ ನೆಲದಲ್ಲಿ ಬೇಸಾಯಗಾರನೊಬ್ಬ ಒಂದು ರಾತ್ರಿಯ ದುರ್ಯೋಧನನ ಪಾತ್ರಕ್ಕೆ ಕೂಡಿಟ್ಟ ಹಣವನ್ನು ಸುರಿಯುವುದು ಹೊರಗಿನವರಿಗೆ ಹುಚ್ಚಾಗಿ ಕಾಣುವುದು ಸಹಜ. ಮನೆಯ ಹೆಂಗಸರಿಗೂ ಅದು ಹಾಗೆಯೇ ಕಂಡಿರಲಿಕ್ಕೆ ಸಾಕು. ಆದರೆ ಬಿತ್ತನೆಯೂ ಅಲ್ಲಿ ಒಂದು ಪಣವೇ. ಮಳೆ ಬಂದೀತೆಂಬ ಭರವಸೆಯ ಮೇಲೆ ಬೀಜವನ್ನು ಮಣ್ಣಿಗೆ ಹಾಕುವವನಿಗೆ, ಕಂಠ ಕೈಕೊಡದೆಂಬ ಭರವಸೆಯ ಮೇಲೆ ರಂಗಕ್ಕೇರುವುದು ತೀರ ಬೇರೆ ಜಾತಿಯ ಸಾಹಸವೇನಲ್ಲ. ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುತ್ತದೆಂಬ ಕನ್ನಡ ನಾಡಿನ ನಂಬಿಕೆಯನ್ನು ಇಲ್ಲಿ ನೆನೆಯಬೇಕು. ಭಾರತದ ಕಥೆಗೂ ಮೋಡಕ್ಕೂ ನಂಟಿದೆಯೆಂದು ನಂಬಿದ ಜನರ ನಡುವೆ ಆ ಕಥೆಯನ್ನು ಆಡುವವನ ಹೊಣೆ ರಂಜನೆಗಷ್ಟೇ ನಿಲ್ಲುವುದಿಲ್ಲ.

ಭಾಷೆಯದು ಮತ್ತೊಂದು ತೊಡಕು. ಪಾವಗಡದ ಹಳ್ಳಿಗಳಲ್ಲಿ ಮನೆಯ ಮಾತು ತೆಲುಗಾಗಿದ್ದು ಶಾಲೆಯ, ಕಚೇರಿಯ ಮಾತು ಕನ್ನಡವಾಗಿರುವುದು ಸಾಮಾನ್ಯ. ಗಡಿಯಾಚೆ ತಿರುಪತಿ ವೆಂಕಟಕವಿಗಳ ಪಾಂಡವೋದ್ಯೋಗ ವಿಜಯಗಳ ಪದ್ಯಗಳು ಹಳ್ಳಿಹಳ್ಳಿಯ ನಾಲಿಗೆಯ ಮೇಲಿವೆ. ತೆಲುಗು ಪದ್ಯನಾಟಕದ ಪ್ರೇಕ್ಷಕನು ಪದ್ಯದ ಕೊನೆಯ ರಾಗಾಲಾಪನೆಗಾಗಿ ಕಾಯುತ್ತಾನೆ. ಅದು ಉದ್ದವಾದಷ್ಟೂ ಹಿಗ್ಗುತ್ತಾನೆ. ಕನ್ನಡ ನಾಟಕದ ಮಾತಿಗೆ, ಅದರ ಏರುದನಿಯ ಸವಾಲು ಜವಾಬುಗಳಿಗೆ ಬೇರೆಯದೇ ಕಿವಿ ಬೇಕು. ಎರಡೂ ಕಿವಿಗಳಿರುವ ಊರಿನಲ್ಲಿ ಕನ್ನಡ ಕುರುಕ್ಷೇತ್ರ ಆಡುವವನನ್ನು ಎರಡು ಅಳತೆಗೋಲುಗಳಿಂದ ಅಳೆಯಲಾಗುತ್ತದೆ. ಕನ್ನಡ ಕಂದಪದ್ಯಕ್ಕೆ ತೆಲುಗು ಪದ್ಯದ ಎಳೆತವನ್ನು ಕೂಡಿಸಿ ಹಾಡುವ ಶೈಲಿ ಇಂತಹ ಕಡೆ ಹುಟ್ಟುವುದು ಈ ಇಕ್ಕಟ್ಟಿನಿಂದಲೇ. ಶುದ್ಧತೆಯನ್ನು ಅರಸುವ ಪಂಡಿತರಿಗೆ ಇದು ಬೆರಕೆ. ಆದರೆ ಗಡಿನಾಡಿನ ಕಲಾವಿದನಿಗೆ ಬೆರಕೆಯಲ್ಲದ ದಾರಿ ಯಾವುದಿತ್ತು?

ಗಂಡಸರ ಸೋಲುಗೆಲುವುಗಳು ಊರೊಳಗೇ ಮುಗಿಯುತ್ತವೆ. ಪದ್ಯ ಚೆನ್ನಾದರೆ 'ಒನ್ಸ್ ಮೋರ್' ಕೂಗು, ನೆಂಟರಿಷ್ಟರಿಂದ ಹಾರ, ಆಹೇರಿ. ಕೆಟ್ಟರೆ ವರ್ಷಗಟ್ಟಲೆ ಅಡ್ಡಹೆಸರು. ತಾಳ ತಪ್ಪಿದ ಭೀಮನನ್ನು ಊರು ಸುಲಭವಾಗಿ ಮರೆಯುವುದಿಲ್ಲ. ಆದರೂ ಅವನು ಊರಿನವನೇ. ಮರುವರ್ಷ ಮತ್ತೆ ಪಾತ್ರ ಕಟ್ಟಬಹುದು. ಸ್ತ್ರೀಪಾತ್ರಗಳ ಕಥೆ ಬೇರೆ. ಊರಿನ ಹೆಣ್ಣುಮಕ್ಕಳು ರಂಗವನ್ನೇರುವುದನ್ನು ಊರು ಒಪ್ಪಲಿಲ್ಲ. ಹೆಣ್ಣಿನ ವೇಷ ಕಟ್ಟುವ ಗಂಡಸನ್ನು ನೋಡಲು ಪ್ರೇಕ್ಷಕರ ಕಣ್ಣೂ ಒಪ್ಪದಾಯಿತು. ಆಗ ಪಟ್ಟಣಗಳಿಂದ ಹಣ ಕೊಟ್ಟು ನಟಿಯರನ್ನು ಕರೆತರುವ ಪದ್ಧತಿ ಬಂತು. ಕಂಪನಿಗಳು ಮುಚ್ಚುತ್ತ ಬಂದಂತೆ ಅವುಗಳಲ್ಲಿ ನುರಿತ ಕೈಗಳಿಗೂ ಈ ಹಳ್ಳಿನಾಟಕಗಳು ಅನ್ನದ ದಾರಿಯಾದವು.

ಈ ನಟಿಯ ಕೆಲಸವನ್ನು ಕಲೆಯ ದೃಷ್ಟಿಯಿಂದ ನೋಡಿದಾಗ ಅದರ ಕಷ್ಟ ಅರಿವಾಗುತ್ತದೆ. ಊರಿನ ಪಾತ್ರಧಾರಿಗಳು ತಿಂಗಳುಗಟ್ಟಲೆ ಕಲಿತಿರುತ್ತಾರೆ. ಅವಳು ಬರುವುದು ಆ ದಿನದ ಸಂಜೆ. ಮೇಷ್ಟ್ರ ಹಾರ್ಮೋನಿಯಂನ ಶ್ರುತಿ ಅವಳದಾಗಿರುವುದಿಲ್ಲ. ಎದುರಿಗಿರುವ ಅರ್ಜುನನನ್ನು ಅವಳು ಅದೇ ಮೊದಲು ನೋಡುತ್ತಿರುತ್ತಾಳೆ. ಒಂದೇ ರಾತ್ರಿ ದ್ರೌಪದಿ, ಕುಂತಿ, ಉತ್ತರೆಯಾಗಬೇಕಾಗಬಹುದು. ಮಾತು ಮರೆತು ನಿಂತ ಪಾತ್ರಧಾರಿಗೆ ಅವನ ಮಾತಿನ ಎಳೆಯನ್ನು ತನ್ನ ಮಾತಿನಲ್ಲಿಯೇ ಎತ್ತಿಕೊಟ್ಟು, ಪ್ರೇಕ್ಷಕರಿಗೆ ತಿಳಿಯದಂತೆ ದಡ ಸೇರಿಸುವವಳೂ ಅವಳೇ. ಹೀಗೆ ಉಳಿದ ಮಾನ ಊರಿನದಾಗುತ್ತದೆ. ಕಂಪನಿಯ ನಟಿಗಾದರೂ ಕಂಪನಿಯ ಗೋಡೆಯಿತ್ತು. ಇವಳಿಗೆ ಅದೂ ಇಲ್ಲ. ಬೆಳಗಾದ ಮೇಲೆ ಬಸ್ಸಿಗೆ ಕಾಯುತ್ತ ನಿಂತವಳನ್ನು ಅದೇ ಊರು ನೋಡುವ ನೋಟದಲ್ಲಿ ರಾತ್ರಿಯ ಗೌರವ ಉಳಿದಿರುವುದು ವಿರಳ. ಬಯಲಾಟದ ಸಾರಥಿಯಿಂದ ಆನೆಯ ಕುರುಕ್ಷೇತ್ರದವರೆಗೆ ಈ ಸೀಮೆಯ ರಂಗಚರಿತ್ರೆಯಲ್ಲಿ ಸಾಹಸಿಗರೆಂದು ಹೆಸರಿಸಲ್ಪಟ್ಟವರಲ್ಲಿ ಇವಳು ಸೇರಿಲ್ಲ.

ಇದಕ್ಕೆ ಎದುರಾದ ಒಂದು ಉದಾಹರಣೆಯೂ ಇದೆ. 1958ರಲ್ಲಿ ಆರ್. ನಾಗರತ್ನಮ್ಮನವರು (1926-2012) ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಪುರುಷಪಾತ್ರಗಳನ್ನೂ ಮಹಿಳೆಯರೇ ವಹಿಸುವ ಪೌರಾಣಿಕ ನಾಟಕಗಳನ್ನು ಆಡಿದರು. ಅವರ ಕಂಸನ ಪಾತ್ರ ಹೆಸರುವಾಸಿಯಾಗಿತ್ತು. ಗಂಡಸರು ಹೆಣ್ಣಿನ ವೇಷ ಕಟ್ಟಿದ ಶತಮಾನಗಳ ರೂಢಿಯನ್ನು ತಿರುಗಿಸಿ ಹಾಕಿದ ಈ ಕೆಲಸವನ್ನು ಜನ ಒಪ್ಪಿದ್ದಕ್ಕೂ ಕಾರಣ ಗುಬ್ಬಿಯ ರೀತಿಯೇ: ಕಥೆ ಹಳೆಯದಾಗಿತ್ತು. ಕೃಷ್ಣ, ಕಂಸರ ಕಥೆಯನ್ನು ಬದಲಿಸದೆ ಅದನ್ನು ಯಾರು ಆಡಬೇಕೆಂಬುದನ್ನು ಅವರು ಬದಲಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಗೌರವ ದೊರೆಯಿತು; ನಲವತ್ತು ವರ್ಷಗಳ ಹಿಂದೆ, 1972ರಲ್ಲಿ, ಅದೇ ಗೌರವ ವೀರಣ್ಣನವರಿಗೂ ಸಂದಿತ್ತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು 2013ರಲ್ಲಿ ಅದನ್ನು ಪಡೆದರು. ಹಳ್ಳಿಗೆ ಸಂಜೆಯ ಬಸ್ಸಿನಲ್ಲಿ ಬಂದು ಬೆಳಗಿನ ಬಸ್ಸಿನಲ್ಲಿ ಹೋಗುವ ನಟಿಯರವರೆಗೆ ಇಂತಹ ಗೌರವಗಳ ನೆರಳು ತಲುಪಿದ್ದು ಕಡಿಮೆ.

ಈ ರಂಗಭೂಮಿಯ ದಾಖಲೆಗಳೆಂದರೆ ನಾಟಕದ ದಿನಕ್ಕೆಂದು ಅಚ್ಚಾಗುವ ಬಣ್ಣದ ಕರಪತ್ರಗಳು. ಅವು ಗ್ರಂಥಾಲಯಗಳನ್ನು ಸೇರುವುದು ಅಪರೂಪ. ಜಾತ್ರೆ ಮುಗಿದ ಮೇಲೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಬಳಕೆಯಾಗುತ್ತವೆ. ಊರು, ದೇವರು, ದಿನಾಂಕ, ಮೇಷ್ಟ್ರ ಹೆಸರು, ಸೀನರಿಯ ವಿವರ ಎಲ್ಲವೂ ಅವುಗಳಲ್ಲಿರುತ್ತವೆ. ಪುರುಷಪಾತ್ರಧಾರಿಗಳ ಹೆಸರಿನ ಜೊತೆಗೆ ತಂದೆಯ ಹೆಸರು, ಮನೆತನದ ಹೆಸರುಗಳೂ ಕಾಣುತ್ತವೆ. ಕರಪತ್ರದ ಕೆಳಭಾಗದಲ್ಲಿ 'ಸ್ತ್ರೀಪಾತ್ರಧಾರಿಗಳು' ಎಂಬ ಪ್ರತ್ಯೇಕ ಸಾಲು ಇರುತ್ತದೆ. ಅದರಲ್ಲಿ ನಟಿಯ ಹೆಸರು, ಅದರ ಮುಂದೆ ಒಂದು ಊರಿನ ಹೆಸರು, ಅಷ್ಟೇ.